ಮೊದಲ ಮಳೆಯವರೆಗೆ ತೊಳೆಯದ ಕಾರು

ಆತನ ಶವಪೆಟ್ಟಿಗೆಯ ಹಿಂದೆ ದಾಂಡೇಲಿಯ ರಸ್ತೆಯಲ್ಲಿ ನಿಂತಿದ್ದ ಗಾಡಿಗಳ ಸಾಲು ನೋಡಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಚರ್ಚಿನ ಗೇಟಿನಿಂದ ಸ್ಮಶಾನದ ತಿರುವಿನವರೆಗೆ ಕಾರು, ಜೀಪು, ಟೆಂಪೊ, ಆಟೊ, ನಡುವೆ ಒಂದು ಟ್ರ್ಯಾಕ್ಟರು. ನನ್ನದು ಹಳೆ ಗಾಡಿ ಮಾರುವವನ ಕಣ್ಣು. ಮಳೆಯಲ್ಲಿ ಕೊಡೆ ಹಿಡಿದು ನಿಂತಲ್ಲೇ ಯಾವುದಕ್ಕೆ ಬಂಪರು ಬದಲಾಗಿದೆ, ಯಾವುದಕ್ಕೆ ಬಣ್ಣ ಹೊಡೆಸಿದ್ದಾರೆ ಎಂದು ನೋಡಿಕೊಂಡೆ. ಅರ್ಧಕ್ಕರ್ಧ ನನ್ನ ಅಂಗಡಿಯಿಂದಲೇ ಹೋದ ಗಾಡಿಗಳು. ನಾನು ಮಾರಿದವೆಲ್ಲ ಆತನನ್ನು ಕಳಿಸಿಕೊಡಲು ಬಂದಿದ್ದವು. ನಾಳೆ ನಾನು ಸತ್ತರೆ ಇವುಗಳಲ್ಲಿ ಎಷ್ಟು ಬಂದಾವು ಎಂದು ಮನಸ್ಸಿನಲ್ಲೇ ಕೂಡಿಸಿ ನೋಡಿದೆ, ಮೊತ್ತ ಚಂದ ಬರಲಿಲ್ಲ. ಹಳಿಯಾಳದಿಂದ ಹೊರಟದ್ದು ತಡವಾಗಿತ್ತು, ಹೀಗಾಗಿ ನನ್ನ ಕಾರು ಸಾಲಿನ ಕಟ್ಟಕಡೆಗೆ. ಅಲ್ಲಿಯೂ ಆತ ಮುಂದೆ, ನಾನು ಹಿಂದೆ.

ಆತ ದಾಂಡೇಲಿಯಲ್ಲಿ ಪಾವು, ಅಂದರೆ ಗೋವೆಯ ಕಡೆಯ ಬ್ರೆಡ್ಡು, ಸುಡುತ್ತಿದ್ದ. ಮೂಲತಃ ಜೋಯಿಡಾ ಕಡೆಯ ಕೊಂಕಣಿ ಕ್ರಿಶ್ಚಿಯನ್ನರ ಮನೆತನ. ಪಾವು ಸುಡುವವನಿಗೆ ಅವರ ಮಾತಿನಲ್ಲಿ ಪೊದೇರ ಅನ್ನುತ್ತಾರೆ, ಆದ್ದರಿಂದ ಊರಿಗೆಲ್ಲ ಆತ ಪೊದೇರ ಮಾಮಾ. ಬೇರೆ ಹೆಸರು ಇತ್ತು. ಶಿಲುಬೆಯ ಮೇಲೆ ಬರೆದಿದ್ದರು, ಅವತ್ತೇ ನಾನು ಅದನ್ನು ಮೊದಲ ಸಲ ಓದಿದ್ದು.

ಕುಳ್ಳ ದೇಹ, ದುಂಡು ಹೊಟ್ಟೆ. ಮೊಣಕೈಯಿಂದ ಕೆಳಗೆ ಒಂದು ಕೂದಲಿಲ್ಲ. ಸೌದೆ ಭಟ್ಟಿಯ ಬಾಯಿಗೆ ಕೈ ಹಾಕಿ ಹಾಕಿ ಎಲ್ಲ ಸುಟ್ಟುಹೋಗಿದ್ದವು. ಕಾದ ತಗಡಿನ ತಟ್ಟೆಯನ್ನು ಬರಿಗೈಯಲ್ಲಿ ಎತ್ತಿ, ಗಿರಾಕಿಯ ಜೊತೆ ಎರಡು ಮಾತಾಡಿ, ಆಮೇಲೆ ಕೆಳಗಿಡುತ್ತಿದ್ದ. ಮೇ ತಿಂಗಳ ಮಧ್ಯಾಹ್ನ ನಾವೆಲ್ಲ ಅಂಗಿ ಬಿಚ್ಚಿ ಫ್ಯಾನಿನ ಕೆಳಗೆ ಬಿದ್ದಿರುವಾಗ ಈತ ಭಟ್ಟಿಯಿಂದ ಹೊರಗೆ ಬಂದು ಬಿಸಿಲಿನಲ್ಲಿ ನಿಂತು, "ಹಾ, ಏನ್ ತಂಪ್ ಗಾಳಿ" ಅನ್ನುತ್ತಿದ್ದ. ಅದು ಜೋಕು ಅಂದುಕೊಂಡು ನಾವು ನಗುತ್ತಿದ್ದೆವು. ಜೋಕಾಗಿರಲಿಲ್ಲ.

ಇಂಥವನ ಬಗ್ಗೆ ನನಗೇಕೆ ಹೊಟ್ಟೆಕಿಚ್ಚು ಎಂದರೆ ಕೆರೆಯ ವಿಷಯಕ್ಕೆ ಬರಬೇಕು.

ಹಳಿಯಾಳದ ಹೊರಗೆ ಒಂದು ಕೆರೆ ಇದೆ. ಏಪ್ರಿಲ್ ಮುಗಿಯುವುದರೊಳಗೆ ಒಣಗಿ ಬಿರುಕು ಬಿಡುತ್ತದೆ. ಮೇ ತಿಂಗಳ ಒಂದು ರವಿವಾರ ಅದರ ಅಂಗಳದಲ್ಲಿ ನಾವು ಕಾರು ಓಡಿಸುತ್ತೇವೆ. ಬೆಳಿಗ್ಗೆ ಅಲ್ಲಿ ಕ್ರಿಕೆಟ್, ಸಂಜೆ ದನ. ಖಾಲಿ ಸಿಗುವುದು ನಡುಮಧ್ಯಾಹ್ನ ಮಾತ್ರ, ಅದಕ್ಕೇ ಆ ಹೊತ್ತು. ಬರುವವರು ಯಾರೂ ದೊಡ್ಡ ಡ್ರೈವರುಗಳಲ್ಲ. ರಿಸಾರ್ಟುಗಳಿಗೆ ಜೀಪು ಓಡಿಸುವ ದಾಂಡೇಲಿಯವರು, ಸ್ವಂತ ಟೆಂಪೊ ಇಟ್ಟುಕೊಂಡ ಸಿದ್ದಿ ಜನಾಂಗದ ಒಬ್ಬ, ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಸ್ವೆಟರ್ ವ್ಯಾಪಾರಿ. ಆ ಸ್ವೆಟರಿನವನಿಗೆ ಬೇಸಿಗೆಯಲ್ಲಿ ಕೆಲಸವಿಲ್ಲ, ಬಿಸಿಲಿಗೆ ಬೈಯುತ್ತಲೇ ಬರುತ್ತಾನೆ. ಆಮೇಲೆ ನಾನು. ನಿವೃತ್ತ ಪೀಟಿ ಮಾಸ್ತರರೊಬ್ಬರು ಸೀಟಿ ಹಿಡಿದು ನಿಲ್ಲುತ್ತಾರೆ. ಹೆಲ್ಮೆಟ್ ಇಲ್ಲದವನನ್ನು ಗೆರೆಯ ಹತ್ತಿರವೂ ಬಿಡುವುದಿಲ್ಲ. ಐದು ಸುತ್ತು, ಅಷ್ಟೇ.

ಕಪ್ಪು, ಹಾರ, ದುಡ್ಡು ಏನೂ ಇಲ್ಲ. ಇರುವುದು ಒಂದು ನೇಮ. ಗೆದ್ದವನು ಕಾರು ತೊಳೆಯುವಂತಿಲ್ಲ. ಮೈತುಂಬ ಮೆತ್ತಿದ ಆ ಕೆಂಪು ಧೂಳು ಹಾಗೇ ಇರಬೇಕು, ಮೊದಲ ಮಳೆಯೇ ಬಂದು ತೊಳೆಯಬೇಕು. ಸೋತವರು ಮಾತ್ರ ಕೆರೆದಂಡೆಯ ಪಂಪ್‌ಸೆಟ್ಟಿನ ಹತ್ತಿರ ಸಾಲುಗಟ್ಟಿ ನಿಂತು, ಅಲ್ಲೇ ತೊಳೆದು, ಚೊಕ್ಕ ಕಾರಿನಲ್ಲಿ ಮನೆಗೆ ಹೋಗಬೇಕು. ಹೀಗಾಗಿ ಆ ರವಿವಾರದಿಂದ ಮೊದಲ ಮಳೆಯವರೆಗೆ ಇಡೀ ಸೀಮೆಯಲ್ಲಿ ಒಂದೇ ಒಂದು ಹೊಲಸು ಕಾರು. ಅದು ಬಂದರೆ ಚಹದಂಗಡಿಯವರು ಎದ್ದು ನಿಲ್ಲುತ್ತಾರೆ.

ನಾನು ಕಾರು ತೊಳೆದೇ ಬದುಕು ಕಟ್ಟಿದವನು. ಬಿದಿರಿನ ಲಾರಿಯ ಕ್ಲೀನರ್ ಆಗಿ ಶುರು ಮಾಡಿ, ಮಂದಿಯ ಕಾರು ತೊಳೆದು, ತೊಳೆದ ಕಾರನ್ನು ಮಾರಿಸಿಕೊಟ್ಟು, ಕೊನೆಗೆ ನನ್ನದೇ ಅಂಗಡಿ ಹಾಕಿದೆ. ಯಾರ ಆಸರೆಯೂ ಇಲ್ಲದೆ ಮೇಲೆ ಬಂದವನು ಎಂದು ನಾನೇ ಹೇಳಿಕೊಂಡರೆ ಯಾರೂ ಇಲ್ಲ ಅನ್ನಲಾರರು. ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಅಷ್ಟೂ ಗಾಡಿ ಫಳಫಳ ಹೊಳೆಯಬೇಕು. ಜೀವಮಾನದಲ್ಲಿ ಒಮ್ಮೆ, ಒಂದೇ ಒಂದು ಬೇಸಿಗೆ, ಅವುಗಳ ನಡುವೆ ತೊಳೆಯದ ಕಾರೊಂದನ್ನು ನಿಲ್ಲಿಸಬೇಕು ಎಂಬುದು ನನ್ನ ಆಸೆ. ಬಂದ ಗಿರಾಕಿ ಕೇಳಬೇಕು, "ಇದ್ಯಾಕ್ರಿ ಹಿಂಗೈತಿ?" ನಾನು ಸುಮ್ಮನೆ ನಗಬೇಕು. ಆ ನಗೆಯನ್ನು ಕನ್ನಡಿಯ ಮುಂದೆ ನಕ್ಕು ನೋಡಿದ್ದೇನೆ ಕೂಡ.

ಅದಕ್ಕೆ ಅಡ್ಡ ಬಂದವನೇ ಈ ಪೊದೇರ. ವರ್ಷವರ್ಷವೂ ಆತನೇ. ಓಡಿಸುತ್ತಿದ್ದ ಕಾರೂ ನಾನು ಮಾರಿದ್ದು.

ಅದನ್ನು ಮಾರಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೂಲೆಯಲ್ಲಿ ನಿಂತಿದ್ದ ಪುಟ್ಟ ಹಳೆ ಬಿಳಿ ಕಾರು. ವ್ಯಾಪಾರದಲ್ಲಿ ನನ್ನದೊಂದು ಪದ್ಧತಿ, ದೋಷ ಇದ್ದರೆ ಹೇಳಿಯೇ ಕೊಡುವುದು. ಬಚ್ಚಿಟ್ಟು ಮಾರಿದರೆ ಗಿರಾಕಿ ಒಮ್ಮೆ ಬರುತ್ತಾನೆ, ಹೇಳಿ ಮಾರಿದರೆ ಅಣ್ಣತಮ್ಮಂದಿರನ್ನೂ ಕರೆತರುತ್ತಾನೆ. "ಮಾಮಾ, ಗಾಡಿ ಹೀಟ್ ಆಗ್ತೈತಿ, ಹೇಳೇ ಕೊಡ್ತೇನಿ" ಅಂದೆ.

"ಆಗಲಿ ಬಿಡ್ರಿ" ಅಂದ ಆತ. "ನಮ್ಮ ಮನ್ಯಾಗ ಹೀಟ್ ಆಗಲಾರದ್ದು ಏನೈತಿ?"

ರೇಟು ಹೇಳಿದೆ. ಆತ ಹೂಂ ಅಂದ. ಚೌಕಾಶಿ ಇಲ್ಲ, ಎದ್ದು ಹೋಗುವ ನಾಟಕ ಇಲ್ಲ, ಹೆಂಡತಿಯನ್ನು ಕೇಳಿ ಬರುತ್ತೇನೆ ಎಂಬ ಮಾತಿಲ್ಲ. ನಾನು ಹೇಳಿದ್ದು ಇಳಿಸುವುದಕ್ಕೆಂದೇ ಇಟ್ಟ ರೇಟು. ಅದನ್ನು ಯಾರಾದರೂ ಹಾಗೇ ಒಪ್ಪಿಬಿಟ್ಟರೆ ವ್ಯಾಪಾರಿಗೆ ಎಷ್ಟು ಅವಮಾನ ಎಂಬುದು ಹೊರಗಿನವರಿಗೆ ತಿಳಿಯದು. ಆ ಗಾಡಿಯಲ್ಲಿ ನನಗೆ ಕಾಣದ್ದು ಈತನಿಗೇನೋ ಕಂಡಿದೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಆತ ಹಿಂದಿನ ಸೀಟು ಕಿತ್ತು, ಪಾವಿನ ತಟ್ಟೆ ಇಡಲು ಹಲಗೆ ಹೊಡೆಸಿದ. ಬೆಳಿಗ್ಗೆ ಅಂಗಡಿ ಅಂಗಡಿಗೆ ಪಾವು ಹಂಚುವುದು, ಮೇ ತಿಂಗಳಲ್ಲಿ ಅದೇ ಕಾರನ್ನು ಕೆರೆಗೆ ಇಳಿಸುವುದು.

ಇಳಿಸಿದ ಮೊದಲ ವರ್ಷವೇ ಗೆದ್ದ. ಎರಡನೆಯ ವರ್ಷವೂ ಗೆದ್ದ. ನನ್ನ ಕಾರಿಗೆ ಅಗಲ ಟೈರು, ದೊಡ್ಡ ಇಂಜಿನ್ನು. ಮೊದಲೆರಡು ಸುತ್ತು ನಾನೇ ಮುಂದೆ. ಮೂರನೆಯದಕ್ಕೆ ಬರುವುದರೊಳಗೆ ಉಷ್ಣದ ಮುಳ್ಳು ಕೆಂಪಿಗೆ ಏರುತ್ತಿತ್ತು, ನಾನು ಕಾಲು ಸಡಿಲ ಮಾಡಲೇಬೇಕಾಗುತ್ತಿತ್ತು. ಎಲ್ಲರ ಪಾಡೂ ಅದೇ. ಆತ ಮಾತ್ರ ಮೊದಲ ಸುತ್ತು ಹೇಗೋ ಐದನೆಯದೂ ಹಾಗೇ, ಹಿಟ್ಟಿನ ಗಿರಣಿಯ ಹಾಗೆ ಒಂದೇ ಸಮ.

ನಾನು ಕಂಡುಹಿಡಿದದ್ದು ಒಂದು ಸಂಗತಿ. ಆತನ ಕಾರಿನ ನಾಲ್ಕೂ ಗಾಜು ಏರಿರುತ್ತಿದ್ದವು. ಉಳಿದವರೆಲ್ಲ ಗಾಜು ಇಳಿಸಿ, ಧೂಳು ಕುಡಿದು, ಕಣ್ಣು ತಿಕ್ಕಿಕೊಳ್ಳುತ್ತಿದ್ದೆವು. ಆ ಬಿಸಿಲಿನಲ್ಲಿ ಗಾಜು ಏರಿಸಿ ಕೂರಬೇಕೆಂದರೆ ಒಳಗೆ ಏಸಿ ಇರಲೇಬೇಕು. "ಅಂವಾ ಏಸಿ ರಿಪೇರಿ ಮಾಡಿಸ್ಯಾನ, ತಣ್ಣಗ ಕೂತು ಓಡಸ್ತಾನ" ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಹೌದೌದು ಅಂದರು. ಮುಂದಿನ ಬೇಸಿಗೆಗೆ ನನ್ನ ಕಾರಿನ ಏಸಿಗೆ ಗ್ಯಾಸು ತುಂಬಿಸಿ, ಗಾಜು ಏರಿಸಿ, ಗೆರೆಯ ಮೇಲೆ ನಿಂತೆ. ಎಂಥ ಸುಖ. ಸೀಟಿ ಊದುವ ಮುಂಚೆಯೇ ಗೆದ್ದವನ ಹಾಗೆ ಅನ್ನಿಸಿತು.

ಇಲ್ಲಿ ಒಂದು ಮಾತು ಹೇಳುತ್ತೇನೆ, ನಿಮ್ಮ ಉಪಯೋಗಕ್ಕೆ. ಏಸಿ ಇಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ, ಕಾದ ಇಂಜಿನ್ನನ್ನು ಇನ್ನಷ್ಟು ಕಾಯಿಸುತ್ತದೆ. ಹಳೆ ಗಾಡಿ ಘಾಟಿನಲ್ಲಿ ಕಾದರೆ ಮೊದಲು ಏಸಿ ಬಂದ್ ಮಾಡಿ. ಇದು ನನಗೆ ಗೊತ್ತಿರಲಿಲ್ಲವೇ? ದಿನಕ್ಕೆ ಹತ್ತು ಗಿರಾಕಿಗೆ ನಾನೇ ಹೇಳುವ ಮಾತು. ಆದರೆ ಪಕ್ಕದವನ ಗಾಜು ನೋಡುತ್ತಾ ಕೂತರೆ ತನ್ನ ಮುಳ್ಳು ಕಾಣುವುದಿಲ್ಲ.

ಎರಡನೆಯ ಸುತ್ತಿನಲ್ಲೇ ಬಾನೆಟ್ಟಿನಿಂದ ಹೊಗೆಯಂತೆ ಹಬೆ ಎದ್ದಿತು. ನಡುಕೆರೆಯಲ್ಲಿ ಕಾರು ನಿಲ್ಲಿಸಿ, ದೂರ ಸರಿದು ನಿಂತೆ. ಪೀಟಿ ಮಾಸ್ತರರು ಟವೆಲು ಹೊದ್ದುಕೊಂಡು ಅಲ್ಲಿಯವರೆಗೆ ನಡೆದು ಬಂದು, "ಸಾವ್ಕಾರ್ರ, ಚಾ ಕಾಸಾಕ ಇಟ್ಟೀರೇನು? ನಂಗೊಂದ್ ಅರ್ಧಾ ಕಪ್" ಅಂದರು. ಅಷ್ಟರಲ್ಲಿ ಆತ ಪಕ್ಕದಲ್ಲೇ ಹಾದುಹೋದ. ಏರಿಸಿದ ಗಾಜಿನ ಹಿಂದೆ ಹೆಲ್ಮೆಟ್ಟು, ಒಂದು ಬೆರಳು ಮೇಲೆತ್ತಿ ನಮಸ್ಕಾರ.

ಓಟ ಮುಗಿದದ್ದೇ ತಡ, ಆತನ ಕಾರಿಗೆ ಓಡಿದೆ. ಏಸಿ ಹಿಡಿದುಕೊಡಬೇಕು ಎಂಬ ಛಲ. ಬಾಗಿಲು ತೆರೆದು ಒಳಗೆ ಕೈ ಹಾಕಿದೆ, ಹಾಕಿದಷ್ಟೇ ಬೇಗ ಹೊರಗೆ ಎಳೆದುಕೊಂಡೆ. ಒಳಗಿನಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಆತ ಹೆಲ್ಮೆಟ್ ತೆಗೆದ. ಮುಖ ಬೆಂದ ಬೀಟ್‌ರೂಟಿನ ಹಾಗಿತ್ತು.

"ಏಸಿ ಎಲ್ಲೈತಿ ಮಾಮಾ?"

"ಯಾವ ಏಸಿ? ಹೀಟರ್ ಹಾಕೇನ್ರಿ, ಪೂರಾ. ಇಂಜಿನ್ನಿನ ಕಾವು ಎಲ್ಲಾದ್ರೂ ಹೋಗಬೇಕಲ್ಲ, ನನ್ ಕಡೆ ಬಾ ಅಂದೆ." ಉಪ್ಪು ಹಾಕಿದ ಗಂಜಿಯ ಬಾಟಲಿ ಎತ್ತಿ ಗಟಗಟ ಕುಡಿದ. "ನೀವೇ ಹೇಳಿದ್ರಲ್ಲ, ಗಾಡಿ ಹೀಟ್ ಆಗ್ತೈತಿ ಅಂತ."

ಇಷ್ಟೇ ಗುಟ್ಟು. ಇಂಜಿನ್ನಿನ ಉರಿಯನ್ನು ಒಳಗೆ ತನ್ನ ಮೈಮೇಲೆ ಎಳೆದುಕೊಂಡು, ಮುಳ್ಳನ್ನು ನಡುವೆ ನಿಲ್ಲಿಸಿ, ಐದು ಸುತ್ತು ಕಾಲು ಎತ್ತದೆ ಓಡಿಸುವುದು. ಹೀಟರಿನ ಉಪಾಯ ಎಲ್ಲ ಮೆಕ್ಯಾನಿಕ್ಕಿಗೂ ಗೊತ್ತು. ಆದರೆ ಮೇ ತಿಂಗಳ ಮಧ್ಯಾಹ್ನ, ಕೆರೆಯ ಅಂಗಳದಲ್ಲಿ, ಹೆಲ್ಮೆಟ್ ತೊಟ್ಟು, ಗಾಜು ಏರಿಸಿ ಅದನ್ನು ತಡೆದುಕೊಳ್ಳುವ ಮೈ ಯಾರಿಗಿದೆ? ಗಾಜು ಏಕೆ ಏರಿಸುತ್ತೀರಿ ಎಂದು ಕೇಳಿದ್ದಕ್ಕೆ ಧೂಳು ಅಂದ. "ಒಂದ್ಸಲ ಕಣ್ಣಾಗ ಹೋತಂದ್ರ ಮುಗೀತು. ಭಟ್ಟಿ ಬಾಗಿಲಾ ನಡುವ ತಗೀಬಾರ್ದ್ರಿ ಸಾವ್ಕಾರ್ರ. ತಗದ್ರ ಪಾವು ಕೂತ್ಬಿಡ್ತಾವ."

ನನ್ನನ್ನು ಹೆಚ್ಚು ಉರಿಸಿದ್ದು ಆತ ಗೆದ್ದದ್ದಲ್ಲ, ಕೇಳಿದ ತಕ್ಷಣ ಹೇಳಿಬಿಟ್ಟದ್ದು. ಗುಟ್ಟಿಗೆ ಒಂದು ಬೆಲೆ ಇರಬೇಕು. ನಾನಾಗಿದ್ದರೆ ಒಂದು ವರ್ಷ ಆಟ ಆಡಿಸುತ್ತಿದ್ದೆ.

ಅವತ್ತು ಪಂಪ್‌ಸೆಟ್ಟಿನಲ್ಲಿ ಕಾರು ತೊಳೆದು ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಬಂತು ನೋಡ್ರಿ ಮಡಿ ಗಾಡಿ" ಅಂದಳು. ಪ್ರತಿ ವರ್ಷ ಇದೇ ಮಾತು, ಇದೇ ರಾಗ.

ಬೇಸಿಗೆಯಲ್ಲಿ ದಾಂಡೇಲಿಗೆ ಹೋದರೆ ಹೊಟ್ಟೆಯೊಳಗೆ ಭಟ್ಟಿ ಹೊತ್ತಿದ ಹಾಗಾಗುತ್ತಿತ್ತು. ಧೂಳು ಮೆತ್ತಿ ಕೆಂಪಾದ ಆ ಕಾರು ಬಂದು ನಿಂತರೆ ಓಣಿಯೆಲ್ಲ ಹೊರಗೆ. ಮುದುಕಿಯರು ಪಾವು ಕೊಳ್ಳುತ್ತ ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಶಿಲುಬೆಯನ್ನೋ ಓಂಕಾರವನ್ನೋ ಬರೆಯುತ್ತಿದ್ದರು, ಆತ ಬೇಡ ಅನ್ನುತ್ತಿರಲಿಲ್ಲ. ನನ್ನ ಅಂಗಡಿಗೂ ಮಂದಿ ಬರುತ್ತಾರೆ. ರೇಟು ಕೇಳುತ್ತಾರೆ, ಟೈರು ಒದೆಯುತ್ತಾರೆ, ಹೋಗುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಒಂದು ನಿರ್ಧಾರ ಮಾಡಿದೆ. ಮೈ ಪಳಗಬೇಕು, ಅಷ್ಟೇ ತಾನೆ. ಮಧ್ಯಾಹ್ನ ಅಂಗಡಿ ಮುಚ್ಚಿ ನೇರ ಆತನ ಭಟ್ಟಿಗೆ ಹೋದೆ. ಸಂಜೆಯ ಪಾವಿಗೆ ಆಗ ಬೆಂಕಿ ಒಟ್ಟುತ್ತಿದ್ದ. "ಮಾಮಾ, ಇಲ್ಲಿ ನಿಂದರ್ಲೇನು ನಾಕ್ ದಿವಸ?" ಎಂದು ಕೇಳಿದೆ. ಯಾಕೆಂದು ಆತನಿಗೆ ಗೊತ್ತಾಗಿತ್ತು. ಕೈಗೆ ಉದ್ದನೆಯ ಮರದ ಸಲಿಕೆ ಕೊಟ್ಟು, "ನಿಂದರ್ರಿ, ಪುಕ್ಕಟ ಆಳು ಯಾರ ಬ್ಯಾಡ ಅಂತಾರ" ಅಂದ.

ಭಟ್ಟಿಯ ಕಾವು ನೋಡಲು ಆತನಿಗೆ ಯಂತ್ರ ಬೇಕಿರಲಿಲ್ಲ. ಬಾಯೊಳಗೆ ಕೈ ಹಿಡಿದು ತನ್ನದೊಂದು ಪ್ರಾರ್ಥನೆ ಹೇಳುತ್ತಿದ್ದ. ಪ್ರಾರ್ಥನೆ ಅರ್ಧಕ್ಕೇ ಕೈ ಹೊರಗೆ ಬಂದರೆ ಕಾವು ಹೆಚ್ಚು, ಮುಗಿದ ಮೇಲೂ ಇಡಲು ಬಂದರೆ ಕಡಿಮೆ, ಆಮೆನ್‌ಗೆ ಸರಿಯಾಗಿ ಸುಟ್ಟರೆ ಪಾವು ಹಾಕು. ನನಗೆ ಅದು ಬಾರದು. ನಾನು ನಮಃ ಶಿವಾಯ ಅಂದೆ, ಎರಡನೆಯ ಶಿವಾಯಕ್ಕೆ ಕೈ ಎಳೆದುಕೊಂಡೆ. ಆತ ಹೊಟ್ಟೆ ಹಿಡಿದು ನಕ್ಕ. "ನಿಮ್ ದೇವ್ರಿಗೆ ಭಾಳ ಗಡಬಡಿ ಐತಿ ನೋಡ್ರಿ." ಆತನ ಹೆಂಡತಿ ತಟ್ಟೆಗೆ ಎಣ್ಣೆ ಸವರುತ್ತ ಕೂತವಳು, "ಅವರನ್ನ ಸುಮ್ನ ಕಾಡಬ್ಯಾಡ್ರಿ, ಬೊಕ್ಕಿ ಎದ್ದಾವ ನೋಡ್ರಿ ಕೈಯಾಗ" ಅಂದಳು. ಆಕೆಯನ್ನು ನಾನು ವೈನಿ ಅನ್ನುತ್ತಿದ್ದೆ.

ಏಪ್ರಿಲ್ ಮುಗಿಯುವಷ್ಟರಲ್ಲಿ ಮೂರನೆಯ ಶಿವಾಯಕ್ಕೆ ಬಂದಿದ್ದೆ, ನಾಲ್ಕನೆಯದಕ್ಕೂ ಬಂದೆ. ಆತ ನಗುವುದು ಕಡಿಮೆಯಾಗಿತ್ತು. ಅದನ್ನು ನಾನು ಗಮನಿಸಿದ್ದೆ.

ಮೇ ತಿಂಗಳ ಆ ರವಿವಾರ ಕಾಗೆ ಕೂಡ ಮರ ಬಿಟ್ಟು ಏಳಲಿಲ್ಲ, ಅಂಥ ಬಿಸಿಲು. ಗಾಜು ಏರಿಸಿದೆ, ಹೀಟರ್ ಪೂರ್ತಿ ತಿರುಗಿಸಿದೆ. ಮಾಸ್ತರರು ಸೀಟಿ ಊದಿದರು. ಮೊದಲ ಸುತ್ತು ಮುಗಿಯುವಾಗ ನಾನು ಮುಂದೆ. ಎರಡು, ಮೂರು, ಮುಂದೆಯೇ. ಮುಳ್ಳು ನಡುವೆ ನಿಂತಿದೆ. ಬೆವರು ಹೆಲ್ಮೆಟ್ಟಿನೊಳಗೆ ಕಣ್ಣಿಗೆ ಇಳಿಯುತ್ತಿದೆ, ಸ್ಟೇರಿಂಗು ಜಾರುತ್ತಿದೆ, ಬಾಯಿ ಶಿವಾಯ ಶಿವಾಯ ಅನ್ನುತ್ತಿದೆ. ಕನ್ನಡಿಯಲ್ಲಿ ಆತನ ಪುಟ್ಟ ಕಾರು. ನಾಲ್ಕನೆಯ ಸುತ್ತು, ಇನ್ನೂ ನಾನೇ ಮುಂದೆ. ಅಂಗಡಿಯ ಮುಂದೆ ನಿಲ್ಲಲಿರುವ ತೊಳೆಯದ ಕಾರು ಕಣ್ಣಿಗೆ ಕಂಡೇಬಿಟ್ಟಿತು. ಐದನೆಯದರ ಕೊನೆಯ ತಿರುವಿನಲ್ಲಿ ಉಸಿರು ಸಿಕ್ಕಲಿಲ್ಲ. ನನ್ನ ಬಲಗೈ, ನಾನು ಹೇಳದೆ ಕೇಳದೆ, ಗಾಜಿನ ಗುಂಡಿ ಒತ್ತಿತು. ತಣ್ಣನೆಯ ಗಾಳಿ ಬಂದಿತು. ಆ ಬಿಸಿಲಿನ ಗಾಳಿ ನನಗೆ ತಣ್ಣಗಿತ್ತು, ಅದನ್ನು ಮರೆಯಲಾರೆ. ಅದರ ಹಿಂದೆಯೇ ಧೂಳು. ಕಣ್ಣು ಮುಚ್ಚಿತು, ಬ್ರೇಕ್ ಒತ್ತಿದೆ. ಕಣ್ಣು ಬಿಟ್ಟಾಗ ಆತ ಗೆರೆಯ ಆಚೆ ಇದ್ದ.

ಪಂಪ್‌ಸೆಟ್ಟಿನ ಹತ್ತಿರ ಬಂದು ನನ್ನ ಪಕ್ಕ ನಿಂತ. ನಾನು ಕಾರಿಗೆ ನೀರು ಹೊಡೆಯುತ್ತಿದ್ದೆ.

"ಗ್ಲಾಸ್ ಇಳಿಸಿದ್ರಿ" ಅಂದ.

"ಕೈ ಇಳಿಸ್ತು" ಅಂದೆ.

ಇನ್ನೇನೋ ಹೇಳಲು ಬಾಯಿ ತೆರೆದ, ಹೇಳಲಿಲ್ಲ. ತನ್ನ ಕೆಂಪು ಕಾರು ಹತ್ತಿ ದಾಂಡೇಲಿಯ ದಾರಿ ಹಿಡಿದ. ನಾನು ಆತನನ್ನು ನೋಡಿದ್ದು ಅದೇ ಕೊನೆ. ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲವಂತೆ.

ಆತ ತೀರಿಕೊಂಡು ತಿಂಗಳಾದಾಗ ಮನೆಯಲ್ಲಿ ಇಟ್ಟ ಪ್ರಾರ್ಥನೆಗೆ ಹೋದಾಗ ವೈನಿ ನನ್ನನ್ನು ಹಿತ್ತಲಿಗೆ ಕರೆದಳು. "ಗಾಡಿ ತಗೊಂಡ್ ಹೋಗ್ರಿ. ನನಗ ಓಡಸಾಕ ಬರೂದಿಲ್ಲ. ಆದ್ರ ಮೀನಿನವರಿಗೆ ಮಾತ್ರ ಮಾರಬ್ಯಾಡ್ರಿ, ಪಾವಿನ ವಾಸ್ನಿ ಹೋಗ್ತೈತಿ."

ಸೌದೆಯ ಶೆಡ್ಡಿನ ತಗಡು ಸರಿಸಿದಳು. ಬಗ್ಗಿ ಒಳಗೆ ನೋಡಿದೆ. ಹೊರಗೆ ತಿಂಗಳಿನಿಂದ ಧಾರಾಕಾರ ಮಳೆ, ಒಳಗೆ ಕಾರಿನ ಮೇಲೆ ಕೆರೆಯ ಧೂಳು ಹಾಗೇ ಇದೆ, ಒಂದು ಕಣವೂ ಹೋಗಿಲ್ಲ. ಬಾನೆಟ್ಟಿನ ಮೇಲೆ ಯಾರೋ ಮುದುಕಿ ಬರೆದ ಶಿಲುಬೆಯೂ ಇತ್ತು.

ನೇಮ ಮುರಿದಿದ್ದ. ಅಷ್ಟು ವರ್ಷದಲ್ಲಿ ಆತನಲ್ಲಿ ಮೊದಲ ಸಲ ಒಂದು ತಪ್ಪು ಸಿಕ್ಕಿತು ಎಂದು, ಸುಳ್ಳೇಕೆ ಹೇಳಲಿ, ಖುಷಿಯಾಯಿತು. "ಇದು ನ್ಯಾಯ ಅಲ್ಲ ವೈನಿ. ಮೊದಲ ಮಳಿಗೆ ಹೊರಗ ನಿಂದರಸಬೇಕಾಗಿತ್ತು."

"ನಾನೂ ಅದ ಅಂದೆ. ಮಳಿ ಸುರು ಆದಾಗಿಂದ ಪಾವು ಆಟೋದಾಗ ಕಳಸಿದ್ರು, ಇದನ್ನ ಹೊರಗ ತಗೀಲೇ ಇಲ್ಲ. ಯಾಕ ಅಂದ್ರ, ಇದು ಕಡೀ ಧೂಳಿ, ಇರಲಿ ಅಂದ್ರು. ಮುಂದಿನ್ ವರ್ಷ ಹಳಿಯಾಳ ಸಾವ್ಕಾರ ಬಿಡೂದಿಲ್ಲ, ಅವರ ಕೈ ಪಳಗೇತಿ ಅಂದ್ರು."

ಪಂಪ್‌ಸೆಟ್ಟಿನ ಹತ್ತಿರ ಬಾಯಿ ತೆರೆದು ಹೇಳದೆ ಹೋದದ್ದು ಇದೇ ಇರಬೇಕು. ಹೆಂಡತಿಗೆ ಹೇಳಿದ್ದಾನೆ, ನನಗೆ ಹೇಳಲಿಲ್ಲ. ಕೇಳಿದವರಿಗೆಲ್ಲ ಗುಟ್ಟನ್ನು ಪುಕ್ಕಟೆ ಹಂಚಿದವನು ಇದೊಂದನ್ನು ಬಚ್ಚಿಟ್ಟ. ಬಚ್ಚಿಟ್ಟು ಹೋಗಿಯೂಬಿಟ್ಟ. ಮುಂದಿನ ಮೇ ತಿಂಗಳಲ್ಲಿ ನಾನು ಗೆದ್ದರೂ ಮಂದಿ ಅನ್ನುವುದು ಒಂದೇ ಮಾತು: ಪೊದೇರ ಮಾಮಾ ಇದ್ದಿದ್ದರೆ?

"ಕೀಲಿ ಕೊಡ್ರಿ ವೈನಿ" ಅಂದೆ.

ನೇಮ ಅಂದರೆ ನೇಮ. ಕಾರನ್ನು ಶೆಡ್ಡಿನಿಂದ ಹೊರತೆಗೆದು ಮಳೆಗೆ ನಿಲ್ಲಿಸಿದೆ. ಪ್ರಾರ್ಥನೆಗೆ ಬಂದವರೆಲ್ಲ ಜಗುಲಿಯ ಮೇಲೆ ಸಾಲಾಗಿ ನಿಂತು ನೋಡಿದರು. ಚಾವಣಿಯಿಂದ, ಬಾನೆಟ್ಟಿನಿಂದ, ಬಾಗಿಲುಗಳಿಂದ ಕೆಂಪು ನೀರು ಇಳಿಯಿತು. ಶಿಲುಬೆ ಕೊನೆಗೆ ಹೋಯಿತು. ಪೀಟಿ ಮಾಸ್ತರರೂ ಅಲ್ಲಿದ್ದರು. ಕಾರು ಪೂರ್ತಿ ಬೆಳ್ಳಗಾಗುವ ತನಕ, ಪಂಪ್‌ಸೆಟ್ಟಿನ ಹತ್ತಿರ ಸೋತವರು ಕಾರು ತೊಳೆಯುವಾಗ ನಿಲ್ಲುವ ಹಾಗೇ, ಕೈ ಕಟ್ಟಿ ನಿಂತಿದ್ದರು.

ಒಳಗೆ ಕೂತು ಹಳಿಯಾಳಕ್ಕೆ ಹೊರಟೆ, ಇಂಜಿನ್ನು ಕಾಯುತ್ತಲೇ ಮುಖಕ್ಕೆ ಬಿಸಿ ಗಾಳಿ ಹೊಡೆಯಿತು. ಹೀಟರಿನ ಗುಂಡಿ ಪೂರ್ತಿ ತಿರುಗಿಸಿದ ಹಾಗೇ ಇತ್ತು. ನಾಲ್ಕೂ ಗಾಜು ಏರಿದ್ದವು. ನಾನು ಮುಟ್ಟಲಿಲ್ಲ. ದಾಂಡೇಲಿಯಿಂದ ಹಳಿಯಾಳದವರೆಗೆ, ಪಾವಿನ ವಾಸನೆಯ ನಡುವೆ, ಹಾಗೇ ಓಡಿಸಿಕೊಂಡು ಬಂದೆ. ಕೈ ಗಾಜಿನ ಕಡೆಗೆ ಹೋಗಲಿಲ್ಲ. ಅಂಗಡಿಯ ಮುಂದೆ ಇಳಿದು ಗೆದ್ದೆ ಅಂದುಕೊಂಡೆ. ಮೈಮೇಲೆ ಮಳೆ ಬಿದ್ದ ಮೇಲೆ ಬುದ್ಧಿ ಬಂತು. ಹಳೆ ಗಾಡಿಯನ್ನು ಮಳೆಗಾಲದಲ್ಲಿ ನೋಡಿ ಕೊಳ್ಳಬೇಡಿ ಎಂದು ನಾನೇ ಎಲ್ಲರಿಗೂ ಹೇಳುತ್ತೇನೆ. ಮಳೆಗಾಲದಲ್ಲಿ ಎಲ್ಲ ಗಾಡಿಯೂ ತಣ್ಣಗೇ ಇರುತ್ತದೆ, ದೋಷ ಗೊತ್ತಾಗುವುದು ಮೇ ತಿಂಗಳಲ್ಲೇ. ಓಡಿಸುವವನಿಗೂ ಅದೇ ಮಾತು.

ಕಾರು ಈಗ ನನ್ನ ಅಂಗಡಿಯ ಮುಂದಿನ ಸಾಲಿನಲ್ಲಿದೆ, ಉಳಿದವುಗಳ ಹಾಗೆ ಚೊಕ್ಕ. ಗಿರಾಕಿಗಳು ರೇಟು ಕೇಳುತ್ತಾರೆ. "ಹೀಟ್ ಆಗ್ತೈತಿ, ಬ್ಯಾಡ್ರಿ" ಎಂದು ಬೇರೆ ಗಾಡಿ ತೋರಿಸುತ್ತೇನೆ. ಹೀಟರಿನ ಗುಂಡಿಯನ್ನು ಆತ ಬಿಟ್ಟಲ್ಲೇ ಬಿಟ್ಟಿದ್ದೇನೆ. ಬೇಸಿಗೆ ಬರಲಿ.